ನಾನು ಅಳಿಸಿದ ಕುದುರೆ

ಕಳೆದ ತಿಂಗಳು ಎಂಟು ವರ್ಷದ ಮೊಮ್ಮಗಳು ಕುದುರೆ ಸವಾರರ ಪೆನ್ಸಿಲ್ ಚಿತ್ರ ತಂದು ತೋರಿಸಿದಳು. ಕುದುರೆಯ ಒಂದೊಂದು ಕಾಲಿಗೂ ಮೂರು ಗೆರೆ, ಸವಾರನ ಬೆನ್ನಿಗೆ ಎರಡು. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಡ್ಜರ್ ಬರೆದ ಕೈ ನನ್ನದು. "ಅಚ್ಚುಕಟ್ಟಾಗಿರಬೇಕು ಪುಟ್ಟಿ" ಎನ್ನುತ್ತ ರಬ್ಬರ್ ತೆಗೆದುಕೊಂಡು ಹೆಚ್ಚಿನ ಗೆರೆಗಳನ್ನೆಲ್ಲ ಅಳಿಸಿಬಿಟ್ಟೆ. ಓಡುತ್ತಿದ್ದ ಕುದುರೆ ಗೂಟಕ್ಕೆ ಕಟ್ಟಿದಂತೆ ನಿಂತಿತು. ಅವಳು ಮಾತಾಡದೆ ಹಾಳೆ ಮಡಚಿಕೊಂಡು ಒಳಗೆ ಹೋದಳು. ಆಮೇಲೆ ನನಗೆ ಚಿತ್ರ ತೋರಿಸುವುದನ್ನೇ ಬಿಟ್ಟಳು.

ಹದಿನೈದು ದಿನ ಕಳೆದಿರಬೇಕು. ಗ್ರಂಥಾಲಯದಲ್ಲಿ ಚಿತ್ರಕಲೆಯ ಪುಸ್ತಕವೊಂದನ್ನು ತಿರುವಿಹಾಕುತ್ತಿದ್ದೆ. ಫ್ರಾನ್ಸಿನ ಇಂಪ್ರೆಷನಿಸ್ಟ್ ಕಲಾವಿದರ ಸಾಲಿನಲ್ಲಿ ಬರುವ ಎಡ್ಗರ್ ಡೆಗಾ (1834–1917) ಬರೆದ ಜಾಕಿಗಳ ಪೆನ್ಸಿಲ್ ಚಿತ್ರ ಕಣ್ಣಿಗೆ ಬಿತ್ತು. ಸವಾರರಿಗೆ ಕಣ್ಣು ಮೂಗು ಇಲ್ಲ. ಕುದುರೆಯ ಮುಂಗಾಲಿಗೆ ಗೆರೆಯ ಪಕ್ಕ ಗೆರೆ. ಆದರೂ ಕುದುರೆ ನಿಲ್ಲಲಾರದೆ ಕಾಲು ಬದಲಿಸುತ್ತಿದೆ, ಸವಾರ ಹಿಂದಕ್ಕೆ ವಾಲಿ ಲಗಾಮು ಎಳೆಯುತ್ತಿದ್ದಾನೆ! ನನಗೆ ಮೊಮ್ಮಗಳ ಹಾಳೆ ನೆನಪಾಗಿ ಎದೆ ಧಸಕ್ಕೆಂದಿತು.

ಡೆಗಾ ಬ್ಯಾಂಕರ್ ಒಬ್ಬರ ಮಗ. ಪ್ಯಾರಿಸ್ಸಿನ ರೇಸ್ ಮೈದಾನದಲ್ಲಿ ಕುದುರೆಗಳನ್ನು ನೋಡಿ ನೋಡಿ ಬರೆದವರು. ಆ ಕಾಲದ ಎಷ್ಟೋ ಚಿತ್ರಕಾರರಂತೆ ಅವರೂ ಮೊದಲು ಓಡುವ ಕುದುರೆಯ ಕಾಲುಗಳನ್ನು ಹಿಂದಕ್ಕೂ ಮುಂದಕ್ಕೂ ಚಾಚಿ ಬರೆದರು. 1878ರಲ್ಲಿ ಮೈಬ್ರಿಜ್ ಅಮೆರಿಕದಲ್ಲಿ ತೆಗೆದ ಫೋಟೋಗಳು ಬೇರೆಯೇ ಹೇಳಿದವು: ನಾಲ್ಕು ಕಾಲೂ ನೆಲ ಬಿಡುವುದು ಅವು ಹೊಟ್ಟೆಯಡಿ ಮಡಚಿಕೊಂಡಾಗ. ನಲವತ್ತು ದಾಟಿದ್ದ ಡೆಗಾ ಮೈಬ್ರಿಜ್ ಫೋಟೋಗಳನ್ನು ಮುಂದಿಟ್ಟುಕೊಂಡು ಮತ್ತೆ ಕುದುರೆ ಬರೆಯಲು ಕಲಿತರು.

ನನ್ನ ಲೆಡ್ಜರಿನಲ್ಲೂ ರಬ್ಬರ್ ಮುಟ್ಟುವಂತಿರಲಿಲ್ಲ. ತಪ್ಪಿದ ಅಂಕಿ ಓದಲು ಸಿಗುವಂತೆ ಅದರ ಮೇಲೊಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕಿತ್ತು. ಅಳಿಸಿದರೆ ಲೆಕ್ಕದ ಮೇಲೇ ಅನುಮಾನ. ಲೆಡ್ಜರಿಗೆ ಕೊಟ್ಟ ಆ ಮರ್ಯಾದೆಯನ್ನು ಮಗುವಿನ ಹಾಳೆಗೆ ನಾನು ಕೊಡಲಿಲ್ಲ.

ಪುಸ್ತಕವನ್ನು ಮನೆಗೆ ತಂದು ಅವಳ ಮುಂದಿಟ್ಟೆ. "ನಾನು ಅಳಿಸಬಾರದಿತ್ತು, ತಪ್ಪಾಯಿತು" ಎಂದೆ. ಅವಳು ತುಂಬ ಹೊತ್ತು ನೋಡಿ, "ತಾತ, ಈ ಕುದುರೆಗೂ ಕಾಲು ಜಾಸ್ತಿ!" ಎಂದು ನಕ್ಕಳು. ಆಮೇಲೆ ಮಡಚಿಟ್ಟಿದ್ದ ಹಾಳೆ ತಂದಳು. ನಾನು ಉಜ್ಜಿದ ಕಡೆ ಕಾಗದ ಸವೆದು ಹೋಗಿತ್ತು.

"ಇದರಲ್ಲಿ ಇನ್ನು ಬರೆಯಕ್ಕಾಗಲ್ಲ ತಾತ" ಎಂದು ಹೊಸ ಹಾಳೆ ತೆಗೆದಳು. ನಾನು ರಬ್ಬರನ್ನು ಜೇಬಿಗೆ ಹಾಕಿಕೊಂಡು ಪಕ್ಕದಲ್ಲಿ ಕುಳಿತೆ.