ಕೊಲೆಗಾರ ಯಾರು ಅಂತ ಬರೆದುಬಿಟ್ಟೆ

ನನ್ನ ಟೇಬಲ್ ಮೇಲೆ ಈಗ ಹನ್ನೊಂದು ಕಾದಂಬರಿಗಳಿವೆ. ಎಲ್ಲವೂ ಹೊಸವು. ಕೆಲವದರ ಒಳಪುಟದಲ್ಲಿ ‘ಗೌರವ ಪ್ರತಿ’ ಎಂಬ ಸೀಲು, ಇನ್ನು ಕೆಲವದರಲ್ಲಿ ‘ತಮ್ಮ ಅಭಿಪ್ರಾಯಕ್ಕಾಗಿ, ಪ್ರೀತಿಯಿಂದ’ ಎಂಬ ಕೈಬರಹ. ಈ ‘ಅಭಿಪ್ರಾಯಕ್ಕಾಗಿ’ ಅನ್ನೋ ಪದ ನೋಡಿದ್ರೆ ನನಗೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಗುತ್ತೆ. ಅದಕ್ಕೊಂದು ಕಾರಣ ಇದೆ.

ಭಾನುವಾರದ ಪುರವಣಿಯೊಂದಕ್ಕೆ ನಾನು ಪುಸ್ತಕ ವಿಮರ್ಶೆ ಬರೆಯೋಕೆ ಶುರುಮಾಡಿ ಎಂಟು ವರ್ಷವಾಯಿತು. ಒಂದು ಪುಸ್ತಕಕ್ಕೆ ಮುನ್ನೂರೈವತ್ತು ಪದ. ಬರೆದವನು ಮೂರು ವರ್ಷ ಕೂತು ಬರೆದಿರಲಿ, ಮೂರು ತಿಂಗಳಲ್ಲಿ ಮುಗಿಸಿರಲಿ, ಅಷ್ಟೇ ಜಾಗ. ಸಾಮಾಜಿಕ, ಐತಿಹಾಸಿಕ, ಪತ್ತೇದಾರಿ, ವೈಜ್ಞಾನಿಕ, ಎಲ್ಲವನ್ನೂ ಒಂದೇ ಚೀಲದಲ್ಲಿ ತುಂಬಿ ಕಳಿಸುತ್ತಾರೆ. ನಾನೂ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೆ.

ಮೂರು ವರ್ಷದ ಹಿಂದೆ ಹೀಗೆ ಬಂದ ಚೀಲದಲ್ಲಿ ಒಂದು ಪತ್ತೇದಾರಿ ಕಾದಂಬರಿ ಇತ್ತು. ಬರೆದವರು ಬಸ್ ಡಿಪೋದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಸ್ವಂತ ದುಡ್ಡು ಹಾಕಿ ಐನೂರು ಪ್ರತಿ ಅಚ್ಚು ಹಾಕಿಸಿದ್ದರು. ಮುಖಪುಟದಲ್ಲಿ ರಕ್ತ ತೊಟ್ಟಿಕ್ಕುವ ಚಾಕು. ಅದನ್ನು ನೋಡಿಯೇ ನನ್ನ ತೀರ್ಪು ಮುಗಿದಿತ್ತು ಅನ್ನಿ. ರಾತ್ರಿ ಊಟ ಆದಮೇಲೆ ಸುಮ್ಮನೆ ತಿರುವಿಹಾಕೋಣ ಅಂತ ಹಿಡಿದೆ. ಕೆಳಗಿಟ್ಟಾಗ ಎರಡು ಗಂಟೆ.

ಮಾರನೇ ದಿನ ಬರೆದೆ: ‘ಕೊಲೆ ಮಾಡಿದ್ದು ಕಾಂಪೌಂಡರ್ ಎಂಬುದು ಎಂಬತ್ತನೇ ಪುಟದಲ್ಲೇ ತಿಳಿದುಹೋಗುವುದರಿಂದ ಓದುಗನ ಕುತೂಹಲ ಉಳಿಯುವುದಿಲ್ಲ. ಭಾಷೆಗೆ ಧ್ವನಿಶಕ್ತಿ ಇಲ್ಲ.’ ಧ್ವನಿಶಕ್ತಿ! ನಿಜ ಏನಂದ್ರೆ ನನಗೆ ಕೊನೆಯವರೆಗೂ ಗೊತ್ತಾಗಿರಲಿಲ್ಲ. ಆ ಮನೆಯ ಅಳಿಯನೇ ಅಂತ ಪಣ ಕಟ್ಟುವಷ್ಟು ನಂಬಿದ್ದೆ.

ಭಾನುವಾರ ಬೆಳಿಗ್ಗೆ ಮೊದಲು ಬೈದದ್ದು ಅಮ್ಮ. ಅಮ್ಮ ಎನ್. ನರಸಿಂಹಯ್ಯನವರ ಕಾಲದ ಓದುಗಳು. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಮನುಷ್ಯ ಅವರು. ಅಮ್ಮ ಅದರಲ್ಲಿ ಎಷ್ಟು ಓದಿದ್ದಾಳೋ ಲೆಕ್ಕ ಇಲ್ಲ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಬಾಡಿಗೆಗೆ ತಂದು, ಸಾರು ಕುದಿಯೋ ಹೊತ್ತಲ್ಲಿ ಪತ್ತೇದಾರ ಪುರುಷೋತ್ತಮನ ಹಿಂದೆ ಓಡುತ್ತಿದ್ದವಳು. ಪೇಪರ್ ಮಡಚಿಟ್ಟು ಅಂದಳು, “ಅಲ್ವೋ, ಕಾಂಪೌಂಡರ್ ಅಂತ ನೀನೇ ಹೇಳಿಬಿಟ್ಟ ಮೇಲೆ ನಾನು ಇನ್ನೇನನ್ನ ಓದ್ಲಿ? ನಿನ್ನ ತಲೆ!”

ಮಧ್ಯಾಹ್ನ ಫೋನ್ ಬಂತು. ಆ ಲೇಖಕರದ್ದೇ.

“ಸಾರ್, ಚೆನ್ನಾಗಿಲ್ಲ ಅಂತ ಬರೆದಿದ್ದೀರಿ, ಅದಿರಲಿ. ಕಾಂಪೌಂಡರ್ ಹೆಸರು ಮಾತ್ರ ಬಿಡಬೇಕಿತ್ತು.” ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, “ನಿಜವಾಗ್ಲೂ ಎಂಬತ್ತನೇ ಪುಟಕ್ಕೇ ಗೊತ್ತಾಯ್ತಾ ಸಾರ್?”

“ಹೌದು” ಅಂದೆ.

“ಹಾಗಾದ್ರೆ ಅಲ್ಲೇ ಎಲ್ಲೋ ನಾನು ಎಡವಿದ್ದೀನಿ ಬಿಡಿ” ಅಂತ ಇಟ್ಟರು.

ಯಾಕೆ ಹಾಗಂದೆ? ಆಮೇಲೆ ತುಂಬಾ ಸಲ ಯೋಚಿಸಿದ್ದೇನೆ. ನಾನು ವಿಮರ್ಶೆ ಕಲಿತದ್ದು ಕಾಲೇಜಿನಲ್ಲಿ, ನವ್ಯದ ಪಾಠ ಕೇಳಿ. ಅಲ್ಲಿ ಕಥೆ ಏನಾಗುತ್ತೆ ಅನ್ನೋದು ಮುಖ್ಯವೇ ಅಲ್ಲ. ಕೊನೆ ಹೇಳಿಬಿಟ್ಟರೆ ಏನೂ ನಷ್ಟ ಇಲ್ಲ. ಪತ್ತೇದಾರಿ ಕಾದಂಬರಿಗೆ ಅದೇ ಪ್ರಾಣ. ಇನ್ನೊಂದು ಕಾರಣ ಇದಕ್ಕಿಂತ ಸಣ್ಣದು: ಎರಡು ಗಂಟೆವರೆಗೆ ಕೂತು ಓದಿದೆ ಅಂತ ಒಪ್ಪಿಕೊಂಡ್ರೆ ನನ್ನನ್ನು ಯಾರು ವಿಮರ್ಶಕ ಅಂತಾರೆ? ತೇಜಸ್ವಿಯವರ ‘ಜುಗಾರಿ ಕ್ರಾಸ್’ ಓದಿದಾಗ ನಾನೂ ಉಸಿರು ಬಿಗಿಹಿಡಿದೇ ಓದಿದ್ದು. ಆದರೆ ಅದರ ಬಗ್ಗೆ ಮಾತಾಡುವಾಗ ಪರಿಸರ, ಮಲೆನಾಡಿನ ಬದುಕು ಅಂತೆಲ್ಲ ಹೇಳಿದೆನೇ ಹೊರತು ಥ್ರಿಲ್ಲರ್ ಅನ್ನಲಿಲ್ಲ. ದೊಡ್ಡವರು ಬರೆದರೆ ನಮಗೆ ಒಂದು ನೆಪ ಸಿಗುತ್ತೆ. ಹಿಂದೆ ಹೆಂಗಸರು ಬರೆದದ್ದನ್ನೆಲ್ಲ ‘ಅಡುಗೆಮನೆ ಸಾಹಿತ್ಯ’ ಅಂತ ಪಕ್ಕಕ್ಕೆ ಸರಿಸಿದವರ ಬುದ್ಧಿಯೂ ಇದೇ. ತ್ರಿವೇಣಿಯವರನ್ನು ಓದಿ ಕಣ್ಣೀರು ಹಾಕಿದವರು ಲಕ್ಷ ಜನ ಇದ್ದಿರಬಹುದು. ಹಾಕಿದೆ ಅಂತ ಬರೆದ ವಿಮರ್ಶಕನನ್ನು ನಾನಂತೂ ಕಂಡಿಲ್ಲ.

ಈಗ ನನ್ನ ಓದುವ ರೀತಿ ಸ್ವಲ್ಪ ಬದಲಾಗಿದೆ. ಐತಿಹಾಸಿಕ ಕಾದಂಬರಿ ಬಂದರೆ ಮೊದಲು ಅಡುಗೆಮನೆ ಹೊಕ್ಕು ನೋಡುತ್ತೇನೆ. ಮೊನ್ನೆ ಒಂದರಲ್ಲಿ ಹೊಯ್ಸಳರ ಸೈನಿಕ ರೊಟ್ಟಿ ಜೊತೆ ಹಸಿಮೆಣಸಿನಕಾಯಿ ಕಚ್ಚುತ್ತಾನೆ. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, ಅವರು ಇಲ್ಲಿಗೆ ಕಾಲಿಟ್ಟಿದ್ದೇ 1498ರಲ್ಲಿ. ಅಷ್ಟು ಹೊತ್ತಿಗೆ ಹೊಯ್ಸಳರು ಮುಗಿದು ನೂರೈವತ್ತು ವರ್ಷ. ಪಾಪ, ಖಾರ ಬೇಕಿದ್ರೆ ಕರಿಮೆಣಸು ಇತ್ತಲ್ಲ. ಇಂಥದ್ದನ್ನು ಹೇಳಲೇಬೇಕು. ಆದರೆ ಅದೊಂದನ್ನೇ ಹೇಳಿ ಮುನ್ನೂರೈವತ್ತು ಪದ ಮುಗಿಸಬಾರದು, ಯಾಕಂದ್ರೆ ಅದೇ ಕಾದಂಬರಿಯಲ್ಲಿ ಯುದ್ಧ ಮುಗಿದ ಮೇಲೆ ಹೆಂಗಸರು ಹೆಣ ಹುಡುಕುವ ಭಾಗ ಅದ್ಭುತವಾಗಿತ್ತು. ವೈಜ್ಞಾನಿಕ ಕಾದಂಬರಿಗೆ ಮಾತ್ರ ನಾನು ಇನ್ನೂ ಸರಿಯಾದ ಓದುಗನಲ್ಲ. ಅಲ್ಲಿ ಪಾತ್ರ ಪೇಲವ ಅಂತ ಗೊಣಗೋ ಮೊದಲು, ಆ ಕಲ್ಪನೆ ಹೊಸದಾ ಅಂತ ಪಕ್ಕದ ಮನೆ ಇಂಜಿನಿಯರಿಂಗ್ ಹುಡುಗನನ್ನು ಕೇಳುತ್ತೇನೆ.

ಹೋದ ತಿಂಗಳು ಚೀಲದಲ್ಲಿ ಮತ್ತೆ ಅವರ ಪುಸ್ತಕ. ಎರಡನೇ ಕಾದಂಬರಿ. ಚಾಕು ಇಲ್ಲ, ಈ ಸಲ ಬಾವಿ. ಒಳಗೊಂದು ಚೀಟಿ: ‘ಸಾರ್, ಹಿಂದಿನ ಸಲ ತಾವು ಹೇಳಿದ ಮೇಲೆ ಎಂಬತ್ತನೇ ಪುಟವನ್ನು ಎಷ್ಟೋ ಸಲ ಓದಿ ನೋಡಿದೆ. ಎಲ್ಲಿ ಸುಳಿವು ಬಿಟ್ಟೆನೋ ಗೊತ್ತಾಗಲಿಲ್ಲ. ಈ ಪುಸ್ತಕದಲ್ಲಿ ಹಾಗಾಗದಂತೆ ನೋಡಿಕೊಂಡಿದ್ದೇನೆ.’

ಚೀಟಿ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದೆ. ಮೂರು ವರ್ಷ ಆ ಮನುಷ್ಯ ಇಲ್ಲದ ತಪ್ಪು ಹುಡುಕಿದ್ದಾರೆ.

ಪುಸ್ತಕವನ್ನು ಅಮ್ಮನ ಕೈಗೆ ಕೊಟ್ಟು ಫೋನ್ ಮಾಡಿದೆ. ಸುತ್ತಿ ಬಳಸದೆ ಹೇಳಿದೆ, ಎಂಬತ್ತನೇ ಪುಟದಲ್ಲಿ ಏನೂ ತಪ್ಪಿಲ್ಲ, ನಾನು ಬರೆದದ್ದು ಸುಳ್ಳು, ಫೋನಲ್ಲಿ ಹೌದು ಅಂದಿದ್ದೂ ಸುಳ್ಳು. ಆ ಕಡೆ ಸದ್ದಿಲ್ಲ. ಕಟ್ ಆಯ್ತೇನೋ ಅಂದುಕೊಂಡೆ.

“ಹಾಗಾದ್ರೆ ಯಾವ ಪುಟಕ್ಕೆ ಗೊತ್ತಾಯ್ತು ಸಾರ್?”

“ಗೊತ್ತೇ ಆಗ್ಲಿಲ್ಲ. ನೀವು ಹೇಳಿದಾಗಲೇ ಗೊತ್ತಾಗಿದ್ದು. ಅಳಿಯ ಅಂದ್ಕೊಂಡಿದ್ದೆ.”

“ಅಳಿಯ ಅಂದ್ಕೊಂಡ್ರಾ?” ಅವರ ದನಿ ಏರಿತು. “ಒಂದ್ನಿಮಿಷ ಇರಿ ಸಾರ್, ಇಡ್ಬೇಡಿ. ನಮ್ಮ ಮನೆಯವರನ್ನ ಕರೀತೀನಿ, ಅವರಿಗೂ ಒಂದ್ಸಲ ಹೇಳಿಬಿಡಿ.”