ಹಳೆಯ ಅರ್ಜಿಗೊಂದು ಉತ್ತರ

೨೦೧೯ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮೂವತ್ತೊಂದು ಮಂದಿ ಹುಡುಗಿಯರು ಒಂದು ಅರ್ಜಿಯನ್ನು ಬರೆದು, ಎಲ್ಲರೂ ರುಜು ಹಾಕಿ, ನನ್ನ ಮೇಜಿನ ಮೇಲೆ ತಂದಿಟ್ಟರು. ತಮ್ಮನ್ನು ತಡಿಯಂಡಮೋಳ್ ಬೆಟ್ಟಕ್ಕೆ ಕರೆದೊಯ್ಯಬೇಕೆಂಬುದೇ ಅವರ ಕೋರಿಕೆ. ನಾನು ಆ ಕಾಗದದ ಮೂಲೆಯಲ್ಲಿ ‘ಅನುಮತಿಯಿಲ್ಲ’ ಎಂದು ಬರೆದು ಮರಳಿಸಿದೆನು, ಕಾರಣವನ್ನು ಹೇಳಲಿಲ್ಲ. ಅವರು ಶಾಲೆಯನ್ನು ಬಿಟ್ಟು ಈಗ ಕೆಲವು ವರ್ಷಗಳೇ ಸಂದಿವೆ. ಈ ಸ್ಮರಣ ಸಂಚಿಕೆಯು ಹಳೆಯ ವಿದ್ಯಾರ್ಥಿನಿಯರ ಕೈಗೂ ಹೋಗುವುದೆಂದು ಬಲ್ಲೆನಾದುದರಿಂದ, ಕಳೆದ ದಸರಾ ರಜೆಯಲ್ಲಿ ನಾನೂ ನಮ್ಮ ಯಜಮಾನರೂ ಮಾಡಿದ ಪ್ರವಾಸದ ವೃತ್ತಾಂತವನ್ನು ಮುಖ್ಯವಾಗಿ ಅವರಿಗಾಗಿಯೇ ಬರೆಯುತ್ತಿದ್ದೇನೆ. ಉಳಿದ ವಾಚಕರೂ ಮನ್ನಿಸಿ ಓದಬೇಕು.

ಮದುವೆಯಾಗಿ ಇಪ್ಪತ್ತೊಂದು ವರ್ಷಗಳಾದರೂ ನಾವಿಬ್ಬರೇ ಎಲ್ಲಿಗೂ ಹೋದವರಲ್ಲ. ನಾನು ಕಂಡ ಊರುಗಳೆಲ್ಲವೂ ಐವತ್ತು ಅರುವತ್ತು ಮಂದಿ ಮಕ್ಕಳನ್ನು ಬಸ್ಸಿಗೆ ಹತ್ತಿಸಿ, ಇಳಿಸಿ, ತಲೆಯೆಣಿಸುತ್ತ ಕಂಡ ಊರುಗಳು. ಮೈಸೂರಿನ ಅರಮನೆಯ ವಿಷಯದಲ್ಲಿ ನನಗೆ ಸ್ಪಷ್ಟವಾಗಿ ನೆನಪಿರುವುದು ಅಲ್ಲಿ ಒಬ್ಬಳ ಚಪ್ಪಲಿ ಕಳೆದುಹೋದ ಸಂಗತಿಯೊಂದೇ. ಮಡಿಕೇರಿಯಾದರೋ ನನಗೆ ಕಚೇರಿಗಳ ಊರು. ಉತ್ತರಪತ್ರಿಕೆಯ ಕಟ್ಟುಗಳನ್ನೂ ಸಿಬ್ಬಂದಿಯ ಸೇವಾಪುಸ್ತಕಗಳನ್ನೂ ಹೊತ್ತು ಎಷ್ಟೋ ಸಾರಿ ಹೋಗಿದ್ದೇನೆ. ಕೆಲಸ ಮುಗಿದೊಡನೆ ವಿರಾಜಪೇಟೆಯ ಬಸ್ಸನ್ನು ಹಿಡಿದಿದ್ದೇನೆ. ‘ಬೆಂಗಳೂರಿನ ದಂಪತಿಗಳು ದುಡ್ಡು ಸುರಿದು ನೋಡಬರುವ ಊರನ್ನು ನಾವೂ ಒಮ್ಮೆ ಪರಸ್ಥಳದವರಂತೆ ನೋಡೋಣ’ ಎಂದು ಯಜಮಾನರು ಹೇಳಿದರು. ವಿಜಯದಶಮಿಯ ಜನಸಂದಣಿ ಕರಗಿದ ಮೇಲೆ, ಎರಡು ದಿನ ಮಡಿಕೇರಿಯಲ್ಲಿಯೂ ಬಳಿಕ ಬೆಟ್ಟದ ಬುಡದಲ್ಲಿಯೂ ತಂಗುವುದೆಂದು ನಿಶ್ಚಯಿಸಿ ಹೊರಟೆವು.

ಮೊದಲು ಕೋಟೆಗೆ ಹೋದೆವು. ಒಳಗೆ ಗಾರೆಯಿಂದ ಮಾಡಿದ ಎರಡು ಆನೆಗಳು ನಿಜವಾದ ಆನೆಗಳಷ್ಟೇ ಎತ್ತರವಾಗಿ ನಿಂತಿವೆ. ಅವನ್ನು ನೋಡಿ ಯಜಮಾನರು ಬಾಲಕರಂತೆ ಸಂತೋಷಪಟ್ಟರು. ನನ್ನ ಕಾಲುಗಳು ಮಾತ್ರ ಆಗ್ನೇಯ ಮೂಲೆಯಲ್ಲಿರುವ ಸಂತ ಮಾರ್ಕನ ದೇವಾಲಯದ ಕಡೆಗೆ ಎಳೆದವು. ೧೮೫೯ರ ಕಾಲದ ಈ ಆಂಗ್ಲಿಕನ್ ದೇವಾಲಯದಲ್ಲಿ ಈಗ ಆರಾಧನೆಯಿಲ್ಲ. ೧೯೭೧ರಲ್ಲಿ ಪುರಾತತ್ವ ಇಲಾಖೆಗೆ ಸೇರಿ ವಸ್ತುಸಂಗ್ರಹಾಲಯವಾಯಿತು. ಸಭೆಯವರು ಮೊಣಕಾಲೂರಿದ್ದ ಸ್ಥಳದಲ್ಲಿ ವೀರಗಲ್ಲುಗಳೂ ಜೈನ ಶಿಲ್ಪಗಳೂ ನಿಂತಿವೆ. ಒಳಹೊಕ್ಕಾಗ ನನಗೆ ಮನಸ್ಸು ನೊಂದಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಅದೇ ಸ್ಥಳದಲ್ಲಿ ಮೊದಲು ವೀರಭದ್ರನ ಗುಡಿಯಿದ್ದಿತು. ೧೮೫೫ರಲ್ಲಿ ಇಂಗ್ಲಿಷರು ಅದನ್ನು ತೆಗೆಯಿಸಿದರು. ಈ ಸಂಗತಿಯನ್ನು ನಾನು ತರಗತಿಯಲ್ಲಿ ಒಮ್ಮೆಯೂ ಹೇಳಿದವಳಲ್ಲ. ಅದೇ ೧೮೫೫ರಲ್ಲಿ ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಪಂಡಿತರು ಈ ನಾಡಿನ ಚರಿತ್ರೆಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಅಚ್ಚುಹಾಕಿಸಿದರು. ಸಮುದ್ರದಾಚೆಯಿಂದ ಬಂದವರು ಅಷ್ಟು ತಿಳಿದುಕೊಂಡರು. ಇಲ್ಲಿಯೇ ಅನ್ನವುಂಡು ಬೆಳೆದ ನಾನು ಮಕ್ಕಳಿಗೆ ಪಠ್ಯಪುಸ್ತಕದಲ್ಲಿದ್ದುದನ್ನು ಮಾತ್ರ ಕಲಿಸಿದೆನು.

ಓಂಕಾರೇಶ್ವರ ದೇವಸ್ಥಾನವನ್ನು ಹೊರಗಿನಿಂದ ನೋಡಿದೆವು. ೧೮೨೦ರಲ್ಲಿ ಲಿಂಗರಾಜೇಂದ್ರನು ಕಟ್ಟಿಸಿದ ಆ ಗುಡಿಯ ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಗೋಪುರಗಳು, ಮುಂದೆ ಕೊಳ. ಗದ್ದಿಗೆಯಲ್ಲಿಯೂ ಅಂತೆಯೇ ಗುಮ್ಮಟಗಳು. ದೊಡ್ಡವೀರರಾಜೇಂದ್ರನೂ ರಾಣಿ ಮಹದೇವಮ್ಮನೂ ಒಂದೇ ಗುಮ್ಮಟದ ಕೆಳಗೆ ಮಲಗಿದ್ದಾರೆ. ಯಜಮಾನರು ಆ ಎಡೆಯಲ್ಲಿ ಬಹಳ ಹೊತ್ತು ಸುಮ್ಮನೆ ನಿಂತರು. ಏನೆಂದು ನಾನು ಕೇಳಲಿಲ್ಲ. ರಾಜಾಸೀಟಿನಲ್ಲಿ ಸೂರ್ಯಾಸ್ತವನ್ನು ನೋಡಲು ನೆರೆದವರಲ್ಲಿ ಹೆಚ್ಚಿನವರು ಸೂರ್ಯನಿಗೆ ಬೆನ್ನು ಮಾಡಿ ಮೊಬೈಲಿನಲ್ಲಿ ತಮ್ಮ ಮುಖವನ್ನೇ ಹಿಡಿಯುತ್ತಿದ್ದರು. ನಮ್ಮವರೂ ಒಂದು ಚಿತ್ರವನ್ನು ತೆಗೆದರು. ಅದರಲ್ಲಿ ನಾನು ಗುಂಪಿನ ತಲೆಯೆಣಿಸುತ್ತಿರುವವಳಂತೆ ಕಾಣುತ್ತೇನೆಂದು ಅವರ ಹಾಸ್ಯ.

ಮೂರನೆಯ ದಿನ ನಾಪೋಕ್ಲು ಮಾರ್ಗವಾಗಿ ಕಕ್ಕಬೆಗೆ ಬಂದು, ಒಬ್ಬ ವೃದ್ಧೆ ನಡೆಸುತ್ತಿದ್ದ ಹೋಂಸ್ಟೇಯಲ್ಲಿ ಇಳಿದುಕೊಂಡೆವು. ಮರುದಿನ ಬೆಳಗ್ಗೆ ಆಕೆ ಅಕ್ಕಿರೊಟ್ಟಿಯನ್ನು ಬುತ್ತಿ ಕಟ್ಟಿಕೊಟ್ಟು, ಜಿಗಣೆಗೆಂದು ಒಂದು ಪೊಟ್ಟಣ ಉಪ್ಪನ್ನೂ ಕೊಟ್ಟರು. ತರಬೇತಿ ಕಾಲೇಜನ್ನು ಬಿಟ್ಟ ಬಳಿಕ ಸೀರೆಯಲ್ಲದೆ ಹೊರಗೆ ಕಾಣಿಸಿಕೊಳ್ಳದ ನಾನು ಅಂದು ಚೂಡಿದಾರ ತೊಟ್ಟು, ಅದರ ತುದಿಗಳನ್ನು ಕಾಲ್ಚೀಲದೊಳಗೆ ಸಿಕ್ಕಿಸಿಕೊಂಡು ಹೊರಟೆನು. ಶಾಲೆಯವರಾರೂ ನೋಡದಿದ್ದುದು ದೇವರ ದಯೆ.

ಹಾದಿಯು ನಾಲ್ಕುನಾಡು ಅರಮನೆಯ ಬಳಿಯಿಂದ ಏರುತ್ತದೆ. ದೊಡ್ಡವೀರರಾಜೇಂದ್ರನು ೧೭೯೨ರಿಂದ ೧೭೯೪ರವರೆಗೆ ಕಟ್ಟಿಸಿದ ಎರಡು ಅಂತಸ್ತಿನ ಮನೆಯದು. ೧೮೩೪ರಲ್ಲಿ ಇಂಗ್ಲಿಷರ ಸೈನ್ಯವು ಬಂದಾಗ ಚಿಕ್ಕವೀರರಾಜನು ಅಡಗಿದ್ದುದೂ ಇಲ್ಲಿಯೇ. ಅರಣ್ಯ ಇಲಾಖೆಯ ಠಾಣೆಯಲ್ಲಿ ಹೆಸರನ್ನು ಬರೆಯಿಸಿ ಮುಂದೆ ನಡೆದೆವು. ಕಾಫಿ ತೋಟಗಳು ಮುಗಿದು ಕಾಡು, ಕಾಡು ಮುಗಿದು ಹುಲ್ಲುಗಾವಲು. ಬೆಟ್ಟದ ಮೈಯೆಲ್ಲ ಹುಲ್ಲು. ಕಣಿವೆಯ ಮಡಿಕೆಗಳಲ್ಲಿ ಮಾತ್ರ ಗಿಡ್ಡಮರಗಳ ದಟ್ಟವಾದ ಶೋಲಾ ಕಾಡು. ಮಳೆಗಾಲದ ನೀರನ್ನು ಈ ಹುಲ್ಲೂ ಈ ಕಾಡೂ ಹೀರಿಟ್ಟುಕೊಂಡು, ಬೇಸಗೆಯಲ್ಲಿ ತೊರೆಗಳಿಗೆ ಸ್ವಲ್ಪಸ್ವಲ್ಪವಾಗಿ ಬಿಡುತ್ತವೆ. ಇದನ್ನು ನಾನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದ್ದೆನು. ಕಾಲಿನ ಕೆಳಗೆ ಅದು ಒದ್ದೆಯಾಗಿ ಮೆತ್ತಗಿರುವುದೆಂದು ಅಂದು ತಿಳಿಯಿತು.

ವಾಡಿಕೆಯಂತೆ ನಾನು ಮುಂದೆ, ಅವರು ಹಿಂದೆ. ಎರಡು ಮೂರು ಸಾರಿ ಹಿಂದಿರುಗಿ ಚಪ್ಪಾಳೆ ತಟ್ಟಿದೆನಂತೆ. ‘ಟೀಚರಮ್ಮಾ, ನಾನು ಆರನೇ ತರಗತಿಯವನಲ್ಲ’ ಎಂದು ಅವರು ಕೂಗಿ ಹೇಳಿದಾಗ ಇಬ್ಬರೂ ನಕ್ಕೆವು.

ಕೊನೆಯ ಏರು ಕಡಿದಾದುದು. ಅದರ ಬುಡಕ್ಕೆ ಬರುವಷ್ಟರಲ್ಲಿ ಮಂಜು ಇಳಿಯಿತು. ಹತ್ತು ಮಾರು ದೂರದ ಬಂಡೆಯೂ ಕಾಣದಾಯಿತು. ಎಲ್ಲಿಯೋ ಹುಲ್ಲಿನ ಅಡಿಯಲ್ಲಿ ನೀರು ಹರಿಯುವ ಸದ್ದು ಕೇಳುತ್ತಿತ್ತು. ಆ ಸದ್ದಿಗೆ ನನ್ನ ಎದೆ ನಡುಗಿತು. ೨೦೧೮ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಣ ಗುಡ್ಡಗಳು ಕುಸಿದದ್ದನ್ನೂ, ಮರುವರ್ಷ ಅದೇ ತಿಂಗಳಿನಲ್ಲಿ ವಿರಾಜಪೇಟೆಗೆ ಸಮೀಪದ ತೋರದಲ್ಲಿ ಮನೆಗಳು ಮಣ್ಣಿನ ಕೆಳಗೆ ಹೋದದ್ದನ್ನೂ ನಾವಾರೂ ಮರೆತಿಲ್ಲ. ಆ ದಿನಗಳಲ್ಲಿ ರಾತ್ರಿ ಮಳೆ ಜೋರಾದರೆ ನಾನು ಹಾಜರಿ ಪುಸ್ತಕವನ್ನು ತೆರೆದು, ಯಾರ ಮನೆ ಯಾವ ಇಳಿಜಾರಿನಲ್ಲಿದೆಯೆಂದು ಬೆರಳಿಟ್ಟು ನೋಡುತ್ತಿದ್ದೆನು. ಅಂದಿನಿಂದ ಬೆಟ್ಟವೆಂದರೆ ನನಗೆ ಜಾರುವ ಮಣ್ಣು.

‘ಹಿಂದಿರುಗೋಣ’ ಎಂದೆನು.

‘ಐದು ನಿಮಿಷ ಕುಳಿತು ನೋಡೋಣ. ಮಂಜು ಎತ್ತೀತು’ ಎಂದರು ಅವರು.

ನಾನು ಶಾಲೆಯ ದನಿಯಲ್ಲಿ ‘ಬೇಡ’ ಎಂದೆನು. ಅವರು ಒಂದು ಮಾತನ್ನೂ ಆಡದೆ ಎದ್ದು, ಊರುಗೋಲನ್ನು ತೆಗೆದುಕೊಂಡು ಕೆಳಗಿಳಿಯತೊಡಗಿದರು. ಆ ಬೆನ್ನನ್ನು ನೋಡಿದಾಗ ನನಗೆ ೨೦೧೯ರ ನವೆಂಬರ್ ನೆನಪಾಯಿತು. ಅರ್ಜಿಯನ್ನು ಮರಳಿ ಪಡೆದ ಹುಡುಗಿಯೂ ಹೀಗೆಯೇ, ಒಂದು ಮಾತನ್ನೂ ಆಡದೆ, ಬೆನ್ನು ತಿರುಗಿಸಿ ಹೋಗಿದ್ದಳು.

ನಾವು ಅರ್ಧ ದಾರಿಗೆ ಬರುವಾಗ ಮಂಜು ಎತ್ತಿತು. ಶಿಖರವು ಬಿಸಿಲಿನಲ್ಲಿ ಹಸುರಾಗಿ ನಿಂತಿತ್ತು. ಅಲ್ಲಿಂದ ಕಾಲೇಜು ಹುಡುಗಿಯರ ಒಂದು ತಂಡವು ನಗುತ್ತ ಇಳಿದು ಬಂದಿತು. ಅವರ ಮುಂದೆ ಅರುವತ್ತು ವರ್ಷದ ಒಬ್ಬ ಮಹಿಳೆ. ಮಂಜಿನಲ್ಲಿ ಏನು ಮಾಡಿದಿರೆಂದು ಕೇಳಿದೆನು. ‘ಏನು ಮಾಡುವುದಮ್ಮಾ, ಕೂತು ಕಿತ್ತಳೆಹಣ್ಣು ತಿಂದೆವು’ ಎಂದರು. ಮತ್ತೆ ಹತ್ತಲು ನಮಗೆ ಹೊತ್ತು ಸಾಲದು. ಯಜಮಾನರು ಅಂದು ನನ್ನನ್ನು ಆಕ್ಷೇಪಿಸಲಿಲ್ಲ, ಆಕ್ಷೇಪಿಸಿದ್ದರೆ ಚೆನ್ನಾಗಿತ್ತು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನನಗಿದ್ದ ಭಯವು ಸುಳ್ಳಲ್ಲ. ೨೦೨೦ರ ಆಗಸ್ಟಿನಲ್ಲಿ ತಲಕಾವೇರಿಯ ಬಳಿಯಲ್ಲಿಯೂ ಬೆಟ್ಟ ಕುಸಿದು ಅರ್ಚಕರ ಕುಟುಂಬವೇ ಹೋಯಿತು. ಆದರೆ ನೀವು ಕೇಳಿದ್ದು ಮಳೆ ನಿಂತ ನವೆಂಬರಿನಲ್ಲಿ. ೨೦೧೮ರ ಕುಸಿತಗಳನ್ನು ಪರಿಶೀಲಿಸಿದ ಭೂವಿಜ್ಞಾನಿಗಳು, ಅತಿವೃಷ್ಟಿಯೊಡನೆ ರಸ್ತೆಗೂ ಮನೆಗೂ ಇಳಿಜಾರನ್ನು ಕಡಿದದ್ದನ್ನೂ ಕಾರಣವಾಗಿ ಹೇಳಿದ್ದರು. ನಾನು ಅದನ್ನು ಓದಲಿಲ್ಲ. ಅರಣ್ಯ ಇಲಾಖೆಯವರನ್ನು ವಿಚಾರಿಸಲಿಲ್ಲ. ನಿಮ್ಮನ್ನು ಕೂರಿಸಿಕೊಂಡು ‘ನನಗೆ ಹೆದರಿಕೆಯಾಗುತ್ತದೆ, ಮಕ್ಕಳೇ’ ಎಂದು ಹೇಳಲೂ ಇಲ್ಲ. ಹಾಗೆ ಹೇಳಿದರೆ ಮುಖ್ಯೋಪಾಧ್ಯಾಯಿನಿಯ ಘನತೆಗೆ ಕುಂದೆಂದು ಆಗ ಎಣಿಸಿದ್ದೆನು. ಬೆಟ್ಟಗಳ ಕಡೆಗೆ ಕಣ್ಣೆತ್ತುವ ೧೨೧ನೆಯ ಕೀರ್ತನೆಯನ್ನು ಬೆಳಗಿನ ಪ್ರಾರ್ಥನೆಯಲ್ಲಿ ನಿಮ್ಮಿಂದ ಎಷ್ಟು ಸಾರಿ ಓದಿಸಿದೆನೋ ಲೆಕ್ಕವಿಲ್ಲ.

ಕ್ರಿಸ್ಮಸ್ ಕಳೆದ ಮೇಲೆ ನಾವಿಬ್ಬರೂ ಮತ್ತೆ ಹೋದೆವು. ಈ ಸಾರಿ ಅವರು ಮುಂದೆ, ನಾನು ಹಿಂದೆ. ಕೊನೆಯ ಏರಿನಲ್ಲಿ ನಾಲ್ಕು ಕಡೆ ಕೂತೆನು, ಒಂದೆಡೆ ಕೈಯೂರಿ ಹತ್ತಿದೆನು. ಕೊಡಗಿನಲ್ಲಿಯೇ ಅತ್ಯುನ್ನತವಾದ ಆ ಶಿಖರ ೧೭೪೮ ಮೀಟರು. ನಿರ್ಮಲವಾದ ದಿನ ಅಲ್ಲಿಂದ ಅರಬ್ಬಿ ಸಮುದ್ರವು ಕಾಣುವುದೆಂದು ಹೇಳುತ್ತಾರೆ. ಪಡುವಣ ಅಂಚಿನಲ್ಲಿ ನಮಗೊಂದು ಬೆಳ್ಳಗಿನ ಗೆರೆ ಕಂಡಿತು. ಅದು ಕಡಲೆಂದು ಅವರು, ಮೋಡವೆಂದು ನಾನು. ಈ ವ್ಯಾಜ್ಯವು ಇನ್ನೂ ತೀರಿಲ್ಲ.

ಈಗಿನ ಒಂಬತ್ತನೆಯ ತರಗತಿಯವರಿಗಾಗಿ ಮುಂದಿನ ನವೆಂಬರಿನ ಒಂದು ಶನಿವಾರವನ್ನು ಗೊತ್ತುಮಾಡಿ, ಸೂಚನಾಫಲಕದ ಮೇಲೆ ಹಾಳೆಯನ್ನು ಅಂಟಿಸಿದ್ದೇನೆ. ಇಪ್ಪತ್ತಾರು ಹೆಸರುಗಳು ಬಂದಿವೆ. ಒಬ್ಬಳ ತಾಯಿ ಒಪ್ಪಲಿಲ್ಲ. ೨೦೧೯ರಲ್ಲಿ ಆಕೆ ತವರಿನವರನ್ನು ಕಳೆದುಕೊಂಡವರು. ಅವರ ಮನೆಗೆ ಹೋಗಿ ಕಾಫಿ ಕುಡಿದು, ಬೆಟ್ಟದ ಮಾತನ್ನು ಎತ್ತದೆ ಬಂದೆನು. ನಿಮ್ಮ ತಂಡದವರು ಯಾರಾದರೂ ಬರುವುದಾದರೆ ನನಗೆ ಕಾಗದ ಬರೆಯಿರಿ, ಹಾಳೆಯಲ್ಲಿ ಸ್ಥಳವಿದೆ. ಅದರ ಕೆಳತುದಿಯಲ್ಲಿ ಯಜಮಾನರು ತಮ್ಮ ಹೆಸರನ್ನು ಬರೆದು, ‘ಉಪ್ಪು, ಕಿತ್ತಳೆಹಣ್ಣು ನನ್ನ ಪಾಲಿಗೆ’ ಎಂದು ಸೇರಿಸಿದ್ದಾರೆ.