ಸ್ಪೇ ನದಿಯ ದಡದಲ್ಲಿ ಅಕ್ಕನ ಗಾಳದ ಕೋಲು

ಸ್ಕಾಟ್ಲೆಂಡಿನ ಉತ್ತರ ಭಾಗದಲ್ಲಿ, ಕೇರ್ನ್‌ಗಾರ್ಮ್ ಬೆಟ್ಟಗಳ ಮಗ್ಗುಲಲ್ಲಿ ಸ್ಪೇ ಎಂಬ ನದಿ ಹರಿಯುತ್ತದೆ. ಉದ್ದ 150 ಕಿಲೋಮೀಟರಿಗೂ ಹೆಚ್ಚು. ನಮ್ಮ ಕಾವೇರಿಯನ್ನು ಕಂಡವರಿಗೆ ಇದೇನು ಮಹಾ ಎನ್ನಿಸೀತು. ಆದರೆ ಅದರ ಓಟ ನೋಡಬೇಕು! ಸೊಂಟದ ಮಟ್ಟದ ನೀರಿನಲ್ಲಿ ನಿಂತರೆ ಕಾಲ ಕೆಳಗಿನ ಗುಂಡುಕಲ್ಲುಗಳನ್ನೇ ಎಳೆದೊಯ್ಯುವ ಸೆಳೆತ. ಬೆಟ್ಟದ ಮೇಲಿನ ಕಪ್ಪು ಜೌಗುಮಣ್ಣಿನಿಂದ ಬಸಿದು ಬರುವುದರಿಂದ ನೀರಿಗೆ ತಿಳಿ ಚಹಾದ ಬಣ್ಣ. ಆಗಸ್ಟ್ ತಿಂಗಳಲ್ಲಂತೂ ಎರಡೂ ಕಡೆಯ ಗುಡ್ಡಗಳಿಗೆ ಹೆದರ್ ಹೂವಿನ ನೇರಳೆ ಸೀರೆ ಉಡಿಸಿದಂತಿರುತ್ತದೆ.

ಈ ನದಿಯ ದಡದಲ್ಲಿ ಗ್ರಾಂಟೌನ್ ಎಂಬ ಪುಟ್ಟ ಊರಿದೆ. 1765ರಲ್ಲಿ ನಕ್ಷೆ ಹಾಕಿ ಕಟ್ಟಿದ್ದು. ಬೂದುಬಣ್ಣದ ಕಲ್ಲಿನ ಮನೆಗಳು, ಅಗಲವಾದ ಒಂದೇ ಪೇಟೆಬೀದಿ, ಊರ ಹಿಂದೆ ಪೈನ್ ಕಾಡು. ನನ್ನ ಅಕ್ಕ ದಾದಿಯಾಗಿ ದುಡಿದು ನಿವೃತ್ತಳಾಗಿರುವುದು ಇಲ್ಲೇ. ಭಾವ ತೀರಿಕೊಂಡು ಎರಡು ವರ್ಷವಾಗಿತ್ತು. ಕಳೆದ ವರ್ಷ ನಾನು ಹೋದಾಗ ಅಕ್ಕ ಹೇಳಿದ ಮೊದಲ ಮಾತು, "ನೋಡೇ, ಮನೆಯೊಳಗೆ ಕೂತೂ ಕೂತೂ ಸಾಕಾಗಿದೆ. ನಾನೂ ನದಿಗೆ ಇಳೀತೀನಿ. ನನಗೊಂದು ಗಾಳದ ಕೋಲು ಕೊಳ್ಳಬೇಕು, ಜೊತೆಗೆ ಬಾ."

ಮನೆಯಲ್ಲಿ ಭಾವನ ಕೋಲು ಇತ್ತು. ಹದಿನೈದು ಅಡಿ ಉದ್ದ, ಎರಡೂ ಕೈಯಲ್ಲಿ ಹಿಡಿಯುವಂಥದ್ದು. ಅಕ್ಕ ಅದನ್ನು ಎತ್ತಿದರೆ ಐದು ನಿಮಿಷಕ್ಕೆ ಭುಜ ಸೋಲುತ್ತಿತ್ತು. ಬೇರೆ ಕೋಲು ಕೊಂಡರೆ ಅವರ ನೆನಪನ್ನು ಮೂಲೆಗೆ ಇಟ್ಟಂತೆ ಆಗುತ್ತದೇನೋ ಎಂಬ ಅಳುಕು ಬೇರೆ.

ಫ್ಲೈ ಎಂದರೇನು?

ನಮ್ಮಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕುವುದನ್ನು ಎಲ್ಲರೂ ಕಂಡಿದ್ದೇವೆ. ಇದು ಅದಲ್ಲ. ಫ್ಲೈ ಎಂದರೆ ನೊಣ. ಸಣ್ಣ ಕೊಕ್ಕೆಗೆ ಹಕ್ಕಿಯ ಪುಕ್ಕ, ಪ್ರಾಣಿಯ ರೋಮ, ರೇಷ್ಮೆ ಎಳೆ ಸುತ್ತಿ ಮಾಡಿದ ಹುಸಿ ಹುಳು. ಟ್ರೌಟ್ ಮೀನು ನೀರಮೇಲಿನ ಹುಳುಗಳನ್ನು ತಿಂದು ಬದುಕುವುದರಿಂದ ಇದನ್ನು ನಿಜವೆಂದು ನಂಬಿ ಬಾಯಿ ಹಾಕುತ್ತದೆ. ಸಾಲ್ಮನ್ ಕತೆ ಬೇರೆ. ಅದು ಹುಟ್ಟುವುದು ನದಿಯಲ್ಲಿ, ಬೆಳೆಯುವುದು ದೂರದ ಕಡಲಿನಲ್ಲಿ, ಮೊಟ್ಟೆಯಿಡಲು ಮತ್ತೆ ಹುಟ್ಟಿದ ನದಿಗೇ ಬರುತ್ತದೆ. ತವರಿಗೆ ಬಂದ ಮೇಲೆ ಏನೂ ತಿನ್ನುವುದಿಲ್ಲ! ಆದರೂ ಫ್ಲೈಯನ್ನು ಕಚ್ಚುತ್ತದೆ. ಸಿಟ್ಟಿನಿಂದಲೋ, ಹಳೆಯ ಅಭ್ಯಾಸದಿಂದಲೋ ಎಂದು ಅಲ್ಲಿನವರು ಇಂದಿಗೂ ವಾದಿಸುತ್ತಾರೆ.

ಈ ಹುಸಿ ಹುಳುವಿಗೆ ತೂಕವೇ ಇಲ್ಲ. ಬೀಸಿ ಎಸೆದರೆ ಗಾಳಿಗೆ ಹಾರಿ ನಮ್ಮ ತಲೆಗೇ ಸಿಕ್ಕೀತು. ಆದ್ದರಿಂದ ತೂಕವೆಲ್ಲ ದಾರದಲ್ಲೇ ಇರುತ್ತದೆ. ಕೋಲು ದಾರವನ್ನು ಬೀಸುತ್ತದೆ, ದಾರ ಹುಳುವನ್ನು ಹೊತ್ತೊಯ್ಯುತ್ತದೆ. ಕೋಲಿನ ಆಯ್ಕೆಯ ಗುಟ್ಟೆಲ್ಲ ಇಷ್ಟೇ.

ಕೋಲಿನ ಮೇಲಿನ ಅಂಕಿ

ಪೇಟೆಬೀದಿಯ ಅಂಗಡಿಗೆ ಹೋದೆವು. ಗೋಡೆಯುದ್ದಕ್ಕೂ ಕೋಲುಗಳು. ನೂರು ಪೌಂಡಿನ ಒಳಗಿನವೂ ಉಂಟು, ಸಾವಿರ ದಾಟಿದವೂ ಉಂಟು. ಅಂಗಡಿಯಾಕೆ ಸುಮಾರು ಎಪ್ಪತ್ತರ ಪ್ರಾಯದವರು. ಮೊದಲು ಹಿಡಿಯ ಮೇಲೆ ಬರೆದ ಅಂಕಿ ತೋರಿಸಿದರು. ಅದು ಕೋಲಿನ ತೂಕವಲ್ಲ, ಅದು ಹೊರಬಲ್ಲ ದಾರದ ನಂಬರು. ದಾರದ ಮುಂದಿನ 30 ಅಡಿಯ ತೂಕದ ಮೇಲೆ ನಂಬರು ಕೊಡುತ್ತಾರೆ. ಅಂಕಿ ಏರಿದಂತೆ ದಾರ ಭಾರ. ಐದರ ಕೋಲಿಗೆ ಐದರ ದಾರ. ಒರಳಿಗೆ ತಕ್ಕ ಒನಕೆ ಎನ್ನುತ್ತೇವಲ್ಲ, ಹಾಗೆ.

ಗಿಡಗಂಟಿ ತುಂಬಿದ ಸಣ್ಣ ಹಳ್ಳಕ್ಕೆ ಏಳು, ಎಂಟು ಅಡಿಯ, ಮೂರು ಅಥವಾ ನಾಲ್ಕನೇ ನಂಬರಿನ ಕೋಲು ಸಾಕು. ನದಿಯ ಟ್ರೌಟ್‌ಗೆ ಒಂಬತ್ತು ಅಡಿ, ಐದನೇ ನಂಬರು. ಇದನ್ನು ಒಂದೇ ಕೈಯಲ್ಲಿ ಬೀಸಬಹುದು. ದೊಡ್ಡ ನದಿಯ ಸಾಲ್ಮನ್‌ಗೆ ಹದಿಮೂರರಿಂದ ಹದಿನೈದು ಅಡಿ, ಒಂಬತ್ತು ಹತ್ತನೇ ನಂಬರು, ಎರಡು ಕೈ ಬೇಕೇ ಬೇಕು.

ಅಷ್ಟುದ್ದ ಏಕೆ ಎಂದರೆ, ಸ್ಪೇ ನದಿಯ ದಡದಲ್ಲಿ ಮರಗಳು ಒತ್ತಾಗಿವೆ. ದಾರವನ್ನು ಹಿಂದಕ್ಕೆ ಬೀಸಿದರೆ ಕೊಂಬೆಗೆ ಸಿಕ್ಕುತ್ತದೆ. ಅದಕ್ಕೇ ಇಲ್ಲಿನ ಜನ ದಾರವನ್ನು ಹಿಂದಕ್ಕೆ ಚಾಚದೆ, ನೀರಮೇಲೇ ಬಳೆಯಂತೆ ಸುತ್ತಿ ಮುಂದಕ್ಕೆ ಉರುಳಿಸುವ ವಿಧಾನ ಕಂಡುಕೊಂಡರು. ಜಗತ್ತಿನ ಎಲ್ಲ ಕಡೆಯೂ ಅದಕ್ಕೆ 'ಸ್ಪೇ ಬೀಸು' ಎಂದೇ ಹೆಸರು.

ಹಿಂದೆ ಗ್ರೀನ್‌ಹಾರ್ಟ್ ಎಂಬ ಗಟ್ಟಿ ಮರದಿಂದ ಕೋಲು ಮಾಡುತ್ತಿದ್ದರು. ಆಮೇಲೆ ಬಿದಿರು ಸೀಳಿ, ಅಂಟಿಸಿ ಮಾಡಿದರು. ಮೊದಮೊದಲು ಆ ಬಿದಿರು ಹೋಗುತ್ತಿದ್ದುದು ನಮ್ಮ ಕಲ್ಕತ್ತೆಯ ಬಂದರಿನಿಂದ! ನಂತರ ಚೀನಾದ ಬಿದಿರು ಅದರ ಜಾಗ ಹಿಡಿಯಿತು. 1970ರ ದಶಕದಿಂದ ಕಾರ್ಬನ್ ನಾರಿನ ಕೋಲು ಬಂತು. ಹೂವಿನಷ್ಟು ಹಗುರ.

ಮೀನಿಗೆ ನೋವಲ್ಲವೇ?

ನಾವು ತೀರ್ಥಹಳ್ಳಿಯ ಕಡೆಯವರು. ಚಿಬ್ಬಲಗುಡ್ಡೆಯಲ್ಲಿ, ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಪುರಿ ಹಾಕಿ ಬೆಳೆದವರು. ಆ ಮೀನನ್ನು ಮುಟ್ಟಬಾರದು ಎಂದು ಅಮ್ಮ ಕಲಿಸಿದ್ದಳು. ಅದಕ್ಕೇ ಕೇಳಿಬಿಟ್ಟೆ, "ಅಲ್ವೇ ಅಕ್ಕಾ, ಅದಕ್ಕೆ ನೋವಾಗೋದಿಲ್ವಾ?"

"ಆಗೋದೇ ಇಲ್ಲ ಅಂತ ನಾನು ಹೇಳಲಾರೆ ಕಣೇ," ಎಂದಳು ಅಕ್ಕ. ಅಂಗಡಿಯಾಕೆ ಉಳಿದದ್ದನ್ನು ವಿವರಿಸಿದರು. ಸಾಲ್ಮನ್ ಈಗ ಬಹಳ ಕಡಿಮೆಯಾಗಿದೆ. 2023ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಸಾಲ್ಮನ್ನನ್ನು ಅಳಿವಿನ ಅಪಾಯದ ಪಟ್ಟಿಗೆ ಸೇರಿಸಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಗಾಳಕ್ಕೆ ಸಿಕ್ಕ ಸಾಲ್ಮನ್‌ಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚನ್ನು ನೀರಿಗೇ ಬಿಟ್ಟುಬಿಡುತ್ತಾರೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರುತ್ತಾರೆ. ಒಣಕೈಯಲ್ಲಿ ಮೀನನ್ನು ಮುಟ್ಟುವುದಿಲ್ಲ, ನೀರಿನಿಂದ ಮೇಲೆತ್ತುವುದಿಲ್ಲ.

ಕೋಲಿನ ಆಯ್ಕೆಗೂ ಈ ದಯೆಗೂ ಸಂಬಂಧವಿದೆ. ದೊಡ್ಡ ಮೀನಿಗೆ ತೀರಾ ಹಗುರವಾದ ಕೋಲು ಹಿಡಿದರೆ ಎಳೆದಾಟ ಮುಗಿಯುವುದೇ ಇಲ್ಲ. ಸೋತು ಸುಣ್ಣವಾದ ಮೀನು ಬಿಟ್ಟರೂ ಬದುಕುವುದು ಕಷ್ಟ. ಮೀನಿಗೆ ತಕ್ಕ ಕೋಲಿದ್ದರೆ ಬೇಗ ದಡಕ್ಕೆ ಬರುತ್ತದೆ, ಬೇಗ ಮನೆಗೆ ಹೋಗುತ್ತದೆ. ಈ ಮಾತು ಕೇಳಿದ ಮೇಲೆ ಅಕ್ಕ ಅಂಕಿಗಳನ್ನು ಇನ್ನೂ ಗಮನವಿಟ್ಟು ನೋಡತೊಡಗಿದಳು.

ದಾಖಲೆ ಬರೆದ ಹೆಂಗಸರು

ಇದು ಗಂಡಸರ ಆಟವೆಂದು ತಿಳಿಯಬೇಡಿ. ಬ್ರಿಟನ್ನಿನಲ್ಲಿ ಗಾಳಕ್ಕೆ ಸಿಕ್ಕ ಅತಿ ದೊಡ್ಡ ಸಾಲ್ಮನ್ನಿನ ದಾಖಲೆ ಇಂದಿಗೂ ಒಬ್ಬ ಹೆಂಗಸಿನದೇ. 1922ರ ಅಕ್ಟೋಬರ್ 7ರಂದು ಜಾರ್ಜಿನಾ ಬ್ಯಾಲಂಟೈನ್ ಎಂಬಾಕೆ ಟೇ ನದಿಯಲ್ಲಿ ಹಿಡಿದ ಮೀನು 64 ಪೌಂಡು, ಅಂದರೆ 29 ಕಿಲೋ! ತಂದೆ ದೋಣಿಯಲ್ಲಿ ಜೊತೆಗಿದ್ದರು. ಎರಡು ಗಂಟೆ ಹೋರಾಟ. ಮೀನನ್ನು ಪರ್ತ್ ಊರಿನ ಆಸ್ಪತ್ರೆಗೆ ಕೊಟ್ಟರು. ಆಕೆ ಬಳಸಿದ್ದು ಫ್ಲೈ ಅಲ್ಲ, ಸಣ್ಣ ಮೀನಿನ ಎರೆ. ಫ್ಲೈಯಲ್ಲಿ ಹಿಡಿದ ದಾಖಲೆಯೂ ಹೆಂಗಸಿನದೇ. 1924ರಲ್ಲಿ ಡೆವೆರಾನ್ ನದಿಯಲ್ಲಿ ಕ್ಲೆಮೆಂಟಿನಾ ಮಾರಿಸನ್ ಹಿಡಿದದ್ದು 61 ಪೌಂಡು.

ಇನ್ನೊಬ್ಬರು ಮೇಗನ್ ಬಾಯ್ಡ್. ಬ್ರೋರಾ ಊರಿನ ಹತ್ತಿರ ಕಡಲಿಗೆ ಮುಖ ಮಾಡಿದ ಪುಟ್ಟ ಮನೆಯಲ್ಲಿ ಕೂತು ಜೀವನವಿಡೀ ಫ್ಲೈ ಕಟ್ಟಿದರು. ದೇಶದೇಶದಿಂದ ಬೇಡಿಕೆ. 1971ರಲ್ಲಿ ರಾಣಿಯಿಂದ ಪದಕ. ನಾಯಿಯನ್ನು ನೋಡಿಕೊಳ್ಳುವವರಿಲ್ಲವೆಂದು ಅದನ್ನು ಪಡೆಯಲು ಆಕೆ ಲಂಡನ್ನಿಗೆ ಹೋಗಲಿಲ್ಲವಂತೆ! ಆಕೆ ಮೀನು ಹಿಡಿದವರೂ ಅಲ್ಲ, ಕೊಲ್ಲಲು ಮನಸ್ಸು ಬರುತ್ತಿರಲಿಲ್ಲ.

ಅಕ್ಕ ಕೊಂಡದ್ದು ಯಾವುದು?

ಅಕ್ಕನ ಲೆಕ್ಕಾಚಾರ ಒಂದೇ ಕೋಲಿಗೆ. ಭಾವನಂತೆ ಸಾಲ್ಮನ್ ಕೋಲೇ ಕೊಳ್ಳಬೇಕೆಂದು ಅವಳ ಮನಸ್ಸು. ಅಂಗಡಿಯಾಕೆ ಕೇಳಿದ್ದು ಒಂದೇ ಪ್ರಶ್ನೆ: "ನೀವು ವಾರದಲ್ಲಿ ಎಷ್ಟು ದಿನ, ಎಲ್ಲಿಗೆ ಹೋಗುತ್ತೀರಿ?"

ಅಕ್ಕ ಯೋಚಿಸಿದಳು. ಸಂಜೆ ಊಟ ಮುಗಿಸಿ, ನಡೆದು ಹೋಗಿ, ಕತ್ತಲಾಗುವ ಮೊದಲು ಬರುವಷ್ಟೇ. ಹಾಗಾದರೆ ಟ್ರೌಟ್ ಕೋಲೇ ಸರಿ. ಒಂಬತ್ತು ಅಡಿ, ಐದನೇ ನಂಬರು, ನಾಲ್ಕು ತುಂಡಿನದು. ಹಿತ್ತಲ ಹುಲ್ಲಿನ ಮೇಲೆ ದಾರ ಹಾಕಿ ಮೂರು ಕೋಲು ಬೀಸಿ ನೋಡಿದಳು. ಅತಿ ಬೆಲೆಯದು ಬೆತ್ತದಂತೆ ಬಿಗಿಯಾಗಿತ್ತು. ನಡುವಿನವರೆಗೆ ಬಾಗುವ ಮಧ್ಯಮ ಬೆಲೆಯದೇ ಅವಳ ಕೈಗೆ ಒಗ್ಗಿತು. ಭಾವನ ಕೋಲು, ಅವರ ಜೊತೆ ನದಿಗಿಳಿಯುತ್ತಿದ್ದ ಪಕ್ಕದ ಮನೆಯವರ ಮಗನ ಪಾಲಾಯಿತು. "ಗೋಡೆಗೆ ಒರಗಿ ಕೂತಿರೋದಕ್ಕಿಂತ ನೀರಲ್ಲಿರಲಿ ಬಿಡು," ಎಂದಳು. ಧ್ವನಿ ಸ್ವಲ್ಪ ನಡುಗಿತು, ಅಷ್ಟೇ.

ಕೊಳ್ಳುವವರಿಗೆ ನಾಲ್ಕು ಮಾತು

* ಮೊದಲು ನದಿ, ಆಮೇಲೆ ಮೀನು, ಕೊನೆಗೆ ಕೋಲು. ಬೆಲೆ ನೋಡಿ ಆರಿಸಬೇಡಿ.
* ದಾರ ಹಾಕಿ ಬೀಸದೆ ಕೊಳ್ಳಬೇಡಿ. ಅಂಗಡಿಯೊಳಗೆ ಬರಿಗೋಲು ಅಲ್ಲಾಡಿಸಿದರೆ ಏನೂ ತಿಳಿಯದು. ಉಳಿದ ಹಣವನ್ನು ಒಳ್ಳೆಯ ದಾರಕ್ಕೂ, ಕಲಿಸುವವರ ಒಂದೆರಡು ಪಾಠಕ್ಕೂ ಇಡಿ.
* ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ಕರೆಂಟ್ ತಂತಿಯ ಕೆಳಗೆ ಬೀಸಬಾರದು. ಗುಡುಗು ಕೇಳಿದೊಡನೆ ಕೋಲನ್ನು ಕೆಳಗಿಟ್ಟು ದೂರ ಸರಿಯಬೇಕು.
* ಸ್ಪೇ ನದಿಯಲ್ಲಿ ಸಾಲ್ಮನ್ ಕಾಲ ಫೆಬ್ರವರಿ 11ರಿಂದ ಸೆಪ್ಟೆಂಬರ್ 30ರವರೆಗೆ. ಹಕ್ಕುದಾರರ ಅನುಮತಿ ಚೀಟಿ ಕಡ್ಡಾಯ. ಭಾನುವಾರ ಸಾಲ್ಮನ್ ಹಿಡಿಯುವುದು ಕಾನೂನಿಗೆ ವಿರುದ್ಧ.

ಮಕ್ಕಳ ಮನೆಗೆಂದು ಆ ಕಡೆ ಹೋಗುವ ಸೋದರಿಯರು ಇನ್ವರ್ನೆಸ್ಸಿನಿಂದ ಏವಿಮೋರ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದರೆ ಗ್ರಾಂಟೌನ್ ಸಿಗುತ್ತದೆ. ಗಾಳ ಹಾಕದಿದ್ದರೂ ಸರಿ, ಒಂದು ಫ್ಲಾಸ್ಕು ಕಾಫಿ ಕಟ್ಟಿಕೊಂಡು ಸಂಜೆ ಹಳೆಯ ಕಲ್ಲುಸೇತುವೆಯ ಬಳಿ ಕುಳಿತುಬಿಡಿ. ಬೇಸಿಗೆಯಲ್ಲಿ ರಾತ್ರಿ ಒಂಬತ್ತಕ್ಕೂ ಅಲ್ಲಿ ಬೆಳಕಿರುತ್ತದೆ. ಬೆಚ್ಚಗಿನ ಶಾಲು ಮಾತ್ರ ಮರೆಯಬೇಡಿ.